ಬಾನ ಹಾದಿಯ ಬಲೆಗಳು

ಯುರೋಪಿನ ಕಾಡುತೋಪುಗಳಲ್ಲಿ ಬೇಸಿಗೆಯನ್ನು ಕಳೆಯುವ ಪುಟ್ಟ ಉಲಿಯಕ್ಕಿಯೊಂದಿದೆ. ಗಂಡುಹಕ್ಕಿಯ ನೆತ್ತಿಯ ಮೇಲೆ ಕಪ್ಪು ಟೊಪ್ಪಿಗೆಯನ್ನಿಟ್ಟಂತೆ ಕಾಣುವುದರಿಂದ ಅದಕ್ಕೆ ‘ಬ್ಲ್ಯಾಕ್‌ಕ್ಯಾಪ್’ ಎಂದು ಹೆಸರು. ಅದರ ತೂಕ ಸುಮಾರು 20 ಗ್ರಾಂ. ನಾಲ್ಕಾರು ನಾಣ್ಯಗಳನ್ನು ಅಂಗೈಯಲ್ಲಿ ಹಿಡಿದರೆ ಅಷ್ಟೇ ಭಾರವಾದೀತು. ಚಳಿಗಾಲವು ಸಮೀಪಿಸಿದಂತೆ ಈ ಹಕ್ಕಿ ದಕ್ಷಿಣಕ್ಕೆ ಹೊರಡುತ್ತದೆ. ಕೆಲವು ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತಲೇ ನಿಲ್ಲುತ್ತವೆ. ಉಳಿದವು ಸಮುದ್ರವನ್ನೂ ಅದರಾಚೆಯ ಸಹಾರಾ ಮರುಭೂಮಿಯನ್ನೂ ದಾಟಿ ಆಫ್ರಿಕಾದ ಒಳನಾಡನ್ನು ಸೇರುತ್ತವೆ. ವಸಂತದಲ್ಲಿ ಮತ್ತೆ ಅದೇ ದೂರವನ್ನು ಹಾರಿ ಹುಟ್ಟಿದೂರಿಗೆ ಮರಳುತ್ತವೆ.

ಇಂತಹ ಹಕ್ಕಿ ಯಾವ ದೇಶಕ್ಕೆ ಸೇರಿದುದು? ಮೊಟ್ಟೆಯಿಡುವುದು ಒಂದು ನಾಡಿನಲ್ಲಿ, ದಣಿವಾರಿಸಿಕೊಳ್ಳುವುದು ಮತ್ತೊಂದರಲ್ಲಿ, ಚಳಿಗಾಲವನ್ನು ಕಳೆಯುವುದು ಬೇರೊಂದು ಖಂಡದಲ್ಲಿ. ದಾರಿಯಲ್ಲಿರುವ ಹತ್ತು ದೇಶಗಳ ಪೈಕಿ ಒಂಬತ್ತು ದೇಶಗಳು ಅದನ್ನು ಕಾಪಾಡಿ ಹತ್ತನೆಯದು ಬಲೆಯೊಡ್ಡಿದರೆ ಒಂಬತ್ತರ ಶ್ರಮವೂ ನೀರುಪಾಲಾಗುವುದು. ಹುಲಿಯನ್ನೋ ಆನೆಯನ್ನೋ ಒಂದು ಅಭಯಾರಣ್ಯದ ಎಲ್ಲೆಯೊಳಗೆ ಬಹುಮಟ್ಟಿಗೆ ರಕ್ಷಿಸಬಹುದು. ವಲಸೆಯ ಹಕ್ಕಿಗೆ ಅಂತಹ ಬೇಲಿಯನ್ನು ಹಾಕುವುದು ಸಾಧ್ಯವಿಲ್ಲ. ಆದುದರಿಂದಲೇ ಹಕ್ಕಿಗಳ ಅಕ್ರಮ ಬೇಟೆಯನ್ನು ತಡೆಯುವ ಕಾರ್ಯವು ಮೊದಲಿನಿಂದಲೂ ರಾಷ್ಟ್ರರಾಷ್ಟ್ರಗಳ ನಡುವಣ ಮಾತುಕತೆಯ ವಿಷಯವಾಗಿ ಬೆಳೆದು ಬಂದಿದೆ.

ಈ ಮಾತುಕತೆಯನ್ನು ಮೊದಲು ಪ್ರಾರಂಭಿಸಿದವರು ಪಕ್ಷಿಪ್ರೇಮಿಗಳಲ್ಲ, ಬೇಸಾಯಗಾರರು. ಹುಳುಹುಪ್ಪಟೆಗಳನ್ನು ತಿನ್ನುವ ಹಕ್ಕಿಗಳು ಕಡಿಮೆಯಾದಂತೆಲ್ಲ ಬೆಳೆಗೆ ಕೀಟಗಳ ಬಾಧೆ ಹೆಚ್ಚುವುದೆಂದು ಕಂಡುಕೊಂಡ ರೈತರೂ ಅರಣ್ಯಾಧಿಕಾರಿಗಳೂ 1868ರಲ್ಲಿ ವಿಯೆನ್ನಾ ನಗರದಲ್ಲಿ ಸೇರಿ, ಹಕ್ಕಿಗಳ ರಕ್ಷಣೆಗಾಗಿ ಒಪ್ಪಂದವಾಗಬೇಕೆಂದು ಸರ್ಕಾರವನ್ನು ಒತ್ತಾಯಿಸಿದರು. ಮೂವತ್ತನಾಲ್ಕು ವರ್ಷಗಳ ತರುವಾಯ, 1902ರಲ್ಲಿ, ಪ್ಯಾರಿಸ್ಸಿನಲ್ಲಿ ಯುರೋಪಿನ ಹಲವು ರಾಷ್ಟ್ರಗಳು ಒಂದು ಒಡಂಬಡಿಕೆಗೆ ಸಹಿ ಹಾಕಿದವು. ಬಲೆ, ಉರುಳು, ಅಂಟು ಮುಂತಾದವುಗಳಿಂದ ಹಕ್ಕಿಗಳನ್ನು ರಾಶಿರಾಶಿಯಾಗಿ ಹಿಡಿಯುವುದನ್ನು ಅದು ನಿಷೇಧಿಸಿತು. ಆದರೆ ಆ ಒಡಂಬಡಿಕೆಯ ಹೆಸರೇ ‘ಬೇಸಾಯಕ್ಕೆ ಉಪಯುಕ್ತವಾದ ಹಕ್ಕಿಗಳ ರಕ್ಷಣೆ’ ಎಂಬುದು! ಉಪಯುಕ್ತ ಹಕ್ಕಿಗಳದೊಂದು ಪಟ್ಟಿ, ಹಾನಿಕರ ಹಕ್ಕಿಗಳದಿನ್ನೊಂದು ಪಟ್ಟಿ. ಹದ್ದು, ಬಕ, ಹೆಜ್ಜಾರ್ಲೆಗಳೆಲ್ಲ ಎರಡನೆಯ ಪಟ್ಟಿಗೆ ಸೇರಿದವು. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನ ಹಳ್ಳಿಗರು ತಮ್ಮ ಹಿತ್ತಲಿನ ಮರಗಳಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನು ಮನೆಯ ಮಕ್ಕಳಂತೆ ಕಾಣುತ್ತಾರೆ. ಪ್ಯಾರಿಸ್ಸಿನ ಪಂಡಿತರು ಅವರನ್ನು ಒಂದು ಮಾತು ಕೇಳಬಹುದಾಗಿತ್ತು.

ಅದೇ ಕಾಲದಲ್ಲಿ ಮತ್ತೊಂದು ವಿಪತ್ತು ಹಕ್ಕಿಗಳನ್ನು ಕಾಡುತ್ತಿತ್ತು. ಐರೋಪ್ಯ ಹಾಗೂ ಅಮೆರಿಕನ್ ಮಹಿಳೆಯರ ಟೋಪಿಗಳಿಗೆ ಗರಿಗಳ ಅಲಂಕಾರ ಬೇಕಾಗಿತ್ತು. ಬೆಳ್ಳಕ್ಕಿಗೆ ಮರಿಮಾಡುವ ಕಾಲದಲ್ಲಿ ಬೆನ್ನಿನ ಮೇಲೆ ನವಿರಾದ ಉದ್ದನೆಯ ಗರಿಗಳು ಮೂಡುತ್ತವೆ. ತೂಕದಲ್ಲಿ ಇವು ಚಿನ್ನಕ್ಕಿಂತಲೂ ಹೆಚ್ಚಿನ ಬೆಲೆಗೆ ಮಾರಾಟವಾದುದುಂಟು. ಗರಿಗಾಗಿ ತಾಯಿಹಕ್ಕಿಯನ್ನು ಕೊಂದಾಗ ಗೂಡಿನ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಈ ಕ್ರೌರ್ಯವನ್ನು ಕಂಡು ಮರುಗಿದ ಎಮಿಲಿ ವಿಲಿಯಮ್ಸನ್ ಎಂಬ ಮಹಿಳೆ 1889ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಳಿ ಸಂಘವೊಂದನ್ನು ಕಟ್ಟಿದರು. ಗರಿಯ ಟೋಪಿಯನ್ನು ಧರಿಸುವುದಿಲ್ಲವೆಂಬುದೇ ಸದಸ್ಯೆಯರ ಪ್ರತಿಜ್ಞೆ. ಭಾರತದಿಂದ ಗರಿಗಳ ರಫ್ತು 1902ರಲ್ಲಿ ನಿಷೇಧಗೊಂಡಿತು. ಬ್ರಿಟನ್ನಿಗೆ ಅವುಗಳ ಆಮದು ನಿಂತದ್ದು 1921ರ ಕಾನೂನಿನಿಂದ. ಕೊಳ್ಳುವವರ ಬಾಗಿಲನ್ನು ಮುಚ್ಚದೆ ಕೊಲ್ಲುವವರ ಕೈಯನ್ನು ಹಿಡಿಯಲಾಗದೆಂಬುದು ಆಗಲೇ ತಿಳಿದುಹೋಗಿತ್ತು.

ಅಮೆರಿಕದ ಅನುಭವ ಇನ್ನೂ ಕಠೋರವಾದುದು. ಅಲ್ಲಿ ನೂರಾರು ಕೋಟಿ ಸಂಖ್ಯೆಯಲ್ಲಿದ್ದು, ಹಾರುವಾಗ ಸೂರ್ಯನನ್ನೇ ಮರೆಮಾಡುತ್ತಿದ್ದ ‘ಪ್ಯಾಸೆಂಜರ್’ ಪಾರಿವಾಳಗಳನ್ನು ಜನರು ಗಾಡಿಗಟ್ಟಲೆ ಕೊಂದು ಮಾರಿದರು. ಆ ಜಾತಿಯ ಕಟ್ಟಕಡೆಯ ಹಕ್ಕಿ, ಮಾರ್ತಾ ಎಂಬುದು, 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಅಸುನೀಗಿತು. ಎರಡು ವರ್ಷಗಳ ಅನಂತರ ಅಮೆರಿಕ ಸಂಯುಕ್ತ ಸಂಸ್ಥಾನವೂ ಕೆನಡಾದ ಪರವಾಗಿ ಬ್ರಿಟನ್ನೂ ವಲಸೆ ಹಕ್ಕಿಗಳ ರಕ್ಷಣೆಗಾಗಿ ಒಪ್ಪಂದ ಮಾಡಿಕೊಂಡವು. ಮುಂದೆ 1936ರಲ್ಲಿ ಮೆಕ್ಸಿಕೊ, 1972ರಲ್ಲಿ ಜಪಾನ್, 1976ರಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದೊಡನೆ ಇಂತಹವೇ ಒಪ್ಪಂದಗಳಿಗೆ ಬಂದವು. ಈ ನಡುವೆ 1922ರಲ್ಲಿ ಲಂಡನ್ನಿನಲ್ಲಿ ಪಕ್ಷಿರಕ್ಷಣೆಯ ಅಂತರರಾಷ್ಟ್ರೀಯ ಮಂಡಳಿ ಸ್ಥಾಪಿತವಾಯಿತು. 1993ರಿಂದ ಅದಕ್ಕೆ ‘ಬರ್ಡ್‌ಲೈಫ್ ಇಂಟರ್‌ನ್ಯಾಷನಲ್’ ಎಂಬ ಹೆಸರು ಬಂದಿದೆ. ಎಲ್ಲಕ್ಕಿಂತ ವ್ಯಾಪಕವಾದುದು 1979ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ರೂಪುಗೊಂಡ ವಲಸೆ ಜೀವಿಗಳ ಒಡಂಬಡಿಕೆ. ಭಾರತವು 1983ರಲ್ಲಿ ಇದರ ಸದಸ್ಯರಾಷ್ಟ್ರವಾಯಿತು. ಯುರೋಪಿನ ರಾಷ್ಟ್ರಗಳು 1979ರಲ್ಲಿಯೇ ಹಕ್ಕಿಗಳಿಗಾಗಿ ಪ್ರತ್ಯೇಕ ಶಾಸನವೊಂದನ್ನೂ ಮಾಡಿಕೊಂಡವು.

ಇಷ್ಟೆಲ್ಲ ಒಪ್ಪಂದಗಳಾದ ಮೇಲೆ ಹಕ್ಕಿಗಳು ಸುರಕ್ಷಿತವಾಗಿರಬೇಕಲ್ಲವೆ? 2015ರಲ್ಲಿ ಬರ್ಡ್‌ಲೈಫ್ ಸಂಸ್ಥೆ ಪ್ರಕಟಿಸಿದ ಅಂದಾಜನ್ನು ನೋಡಿದರೆ ಎದೆ ನಡುಗುವುದು. ಮೆಡಿಟರೇನಿಯನ್ ಪ್ರದೇಶವೊಂದರಲ್ಲಿಯೇ ವರ್ಷಕ್ಕೆ 1 ಕೋಟಿ 10 ಲಕ್ಷದಿಂದ 3 ಕೋಟಿ 60 ಲಕ್ಷದಷ್ಟು ಹಕ್ಕಿಗಳು ಕಾನೂನುಬಾಹಿರವಾಗಿ ಕೊಲ್ಲಲ್ಪಡುತ್ತಿದ್ದವು ಅಥವಾ ಸೆರೆಯಾಗುತ್ತಿದ್ದವು. ಈಜಿಪ್ಟ್, ಇಟಲಿ, ಸಿರಿಯ, ಲೆಬನಾನ್, ಸೈಪ್ರಸ್‌ಗಳು ಈ ಪಟ್ಟಿಯ ಮೇಲ್ತುದಿಯಲ್ಲಿದ್ದವು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆ ದೇಶಗಳಲ್ಲಿ ಬೇಟೆಯೆಲ್ಲವೂ ಅಪರಾಧವಲ್ಲ. ಪರವಾನಗಿ ಪಡೆದು, ಗೊತ್ತಾದ ಋತುವಿನಲ್ಲಿ, ಗೊತ್ತಾದ ಜಾತಿಯ ಹಕ್ಕಿಗಳನ್ನು ಬೇಟೆಯಾಡಲು ಅವಕಾಶವಿದೆ. ರಕ್ಷಿತ ಜಾತಿಯನ್ನು ಕೊಲ್ಲುವುದು, ನಿಷಿದ್ಧ ಕಾಲದಲ್ಲಿ ಇಲ್ಲವೆ ಸ್ಥಳದಲ್ಲಿ ಕೊಲ್ಲುವುದು, ನಿಷಿದ್ಧ ಸಾಧನಗಳನ್ನು ಬಳಸುವುದು ಅಕ್ರಮವೆನಿಸುತ್ತದೆ. ಕಾಲದ ನಿರ್ಬಂಧಕ್ಕೆ ಬಲವಾದ ಕಾರಣವಿದೆ. ಶರತ್ಕಾಲದಲ್ಲಿ ಹಾರಿಹೋಗುವ ಹಿಂಡಿನಲ್ಲಿ ಆ ವರ್ಷದ ಮರಿಗಳೇ ಬಹಳ. ಅವುಗಳಲ್ಲಿ ಎಷ್ಟೋ ಚಳಿಗಾಲದೊಳಗೆ ತಾವಾಗಿಯೇ ಸಾಯುತ್ತವೆ. ವಸಂತದಲ್ಲಿ ಮರಳುವುದಾದರೋ ಎಲ್ಲ ಕಷ್ಟಗಳನ್ನೂ ಗೆದ್ದು ಉಳಿದ ಹಕ್ಕಿಗಳು, ಇನ್ನು ಕೆಲವೇ ವಾರಗಳಲ್ಲಿ ಗೂಡು ಕಟ್ಟಬೇಕಾದವು. ಆಗ ಬಿದ್ದ ಒಂದು ಗುಂಡು ಮುಂದಿನ ತಲೆಮಾರನ್ನೂ ಕೊಲ್ಲುತ್ತದೆ.

ಸೈಪ್ರಸ್ ದ್ವೀಪವು ಸಮುದ್ರವನ್ನು ದಾಟುವ ಸಣ್ಣ ಹಕ್ಕಿಗಳಿಗೆ ಒಂದು ತಂಗುದಾಣ. ದಣಿದು ಇಳಿಯುವ ಉಲಿಯಕ್ಕಿಗಳನ್ನು ಹಿಡಿದು ಇಡಿಯಾಗಿ ಬೇಯಿಸಿ ಬಡಿಸುವ ‘ಆಂಬೆಲೊಪೂಲಿಯಾ’ ಎಂಬ ಭಕ್ಷ್ಯ ಅಲ್ಲಿಯ ಹಳೆಯ ರೂಢಿ. ಬಡವರಿಗೆ ಒಂದು ಕಾಲದಲ್ಲಿ ಅದು ಹೊಟ್ಟೆಪಾಡಿನ ಆಹಾರವಾಗಿದ್ದಿರಬಹುದು. ಹಿಡಿಯುವ ಹಳೆಯ ಉಪಾಯವೆಂದರೆ ಅಂಟುಕಡ್ಡಿ: ಹಣ್ಣಿನ ಲೋಳೆಯನ್ನು ಸವರಿದ ಕಡ್ಡಿಗಳನ್ನು ಪೊದೆಗಳಲ್ಲಿ ಸಿಕ್ಕಿಸಿಟ್ಟರೆ, ಕುಳಿತ ಹಕ್ಕಿ ಮತ್ತೆ ಏಳಲಾರದು. ಆ ಹಣ್ಣು ನಮ್ಮ ಚಳ್ಳೆಹಣ್ಣಿನ ಕುಲಕ್ಕೇ ಸೇರಿದುದು! ಚಳ್ಳೆಹಣ್ಣು ತಿನ್ನಿಸುವುದೆಂದರೆ ಮೋಸಗೊಳಿಸುವುದೆಂದು ಕನ್ನಡದಲ್ಲಿ ಅರ್ಥ. ಸೈಪ್ರಸ್ಸಿನ ಹಕ್ಕಿಗಳ ಪಾಲಿಗೆ ಆ ಮಾತು ಅಕ್ಷರಶಃ ಸತ್ಯವಾಗಿದೆ.

ಈಚಿನ ದಶಕಗಳಲ್ಲಿ ಕಡ್ಡಿಯ ಜಾಗವನ್ನು ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಗಳು ಆಕ್ರಮಿಸಿದವು. ರಾತ್ರಿಯ ವೇಳೆ ಧ್ವನಿಯಂತ್ರಗಳಿಂದ ಹಕ್ಕಿಯ ಹಾಡನ್ನು ನುಡಿಸಿ, ಮೇಲೆ ಹಾರಿಹೋಗುವ ಹಿಂಡುಗಳನ್ನು ಕೆಳಕ್ಕೆ ಕರೆಯುವ ಪದ್ಧತಿ ಬಂದಿತು. ಹಸಿವಿಗಾಗಿ ನಡೆಯುತ್ತಿದ್ದುದು ಹಣಕ್ಕಾಗಿ ನಡೆಯುವ ಗುಪ್ತ ವ್ಯಾಪಾರವಾಯಿತು. ದ್ವೀಪದಲ್ಲಿ ಬ್ರಿಟನ್ನಿನ ಸೇನಾನೆಲೆಗೆ ಸೇರಿದ ಡೆಕೇಲಿಯಾ ಪ್ರದೇಶದಲ್ಲಂತೂ ಬೇಟೆಗಾರರು ಹಕ್ಕಿಗಳನ್ನು ಆಕರ್ಷಿಸಲೆಂದೇ ಅಕೇಶಿಯಾ ಗಿಡಗಳನ್ನು ನೆಟ್ಟು, ಕೊಳವೆಗಳಿಂದ ನೀರುಣಿಸಿ ಬೆಳೆಸಿದ್ದರು. 2016ರ ಶರತ್ಕಾಲವೊಂದರಲ್ಲಿ ಆ ನೆಲೆಯೊಳಗೆ ಸುಮಾರು 8 ಲಕ್ಷ ಹಕ್ಕಿಗಳು ಬಲಿಯಾದುವೆಂದು ಪಕ್ಷಿಸಂಘಗಳು ಅಂದಾಜು ಮಾಡಿದವು. ಗಿಡಗಳನ್ನು ಕೀಳಲು ಹೋದ ಸೈನಿಕರನ್ನು ಸ್ಥಳೀಯರು ಅಡ್ಡಗಟ್ಟಿದರು. ಅನಂತರ ಮರೆಯಲ್ಲಿಟ್ಟ ಕ್ಯಾಮೆರಾಗಳು ಅಪರಾಧಿಗಳನ್ನು ಗುರುತಿಸಿಕೊಟ್ಟವು, ಮೊಕದ್ದಮೆಗಳು ನಡೆದವು, ಮರುವರ್ಷವೇ ಹತ್ಯೆ 3 ಲಕ್ಷಕ್ಕಿಂತ ಕೆಳಗಿಳಿಯಿತು. ಆದರೆ 2020ರಲ್ಲಿ ಸೈಪ್ರಸ್ಸಿನ ಶಾಸನಸಭೆ ಸಣ್ಣ ಪ್ರಮಾಣದ ಬೇಟೆಗೆ ದಂಡವನ್ನು ತಗ್ಗಿಸಿತು. ಕಾನೂನನ್ನು ಕಟ್ಟುವುದಕ್ಕೆ ಹಿಡಿದಷ್ಟು ಕಾಲ ಅದನ್ನು ಸಡಿಲಿಸುವುದಕ್ಕೆ ಹಿಡಿಯುವುದಿಲ್ಲ.

ಒಪ್ಪಂದಗಳಿಗೆ ತಮ್ಮದೇ ಪೊಲೀಸರಿಲ್ಲ. ಸಹಿ ಹಾಕಿದ ದೇಶವು ತನ್ನ ನೆಲದಲ್ಲಿ ತಾನೇ ಅವನ್ನು ಜಾರಿಗೆ ತರಬೇಕು. ಯುರೋಪಿನ ಒಕ್ಕೂಟದಲ್ಲಿ ಮಾತ್ರ ಅದಕ್ಕೊಂದು ನ್ಯಾಯಾಲಯವಿದೆ. ಮಾಲ್ಟಾ ದೇಶ ವಸಂತಕಾಲದಲ್ಲಿ ಬೇಟೆಗೆ ಅನುಮತಿ ಕೊಟ್ಟುದನ್ನು ಆ ನ್ಯಾಯಾಲಯ 2009ರಲ್ಲಿ ಖಂಡಿಸಿತು. ಆದರೂ ವಿವಾದ ಮುಗಿಯಲಿಲ್ಲ. 2015ರಲ್ಲಿ ಆ ಪುಟ್ಟ ದೇಶದಲ್ಲಿ ಜನಮತಗಣನೆಯೇ ನಡೆದು, ವಸಂತದ ಬೇಟೆ ಉಳಿಯಲಿ ಎನ್ನುವವರು ಎರಡು ಸಾವಿರದ ಚಿಲ್ಲರೆ ಮತಗಳ ಅಂತರದಿಂದ ಗೆದ್ದರು.

ಹೀಗೆ ದೇಶಗಳು ಒಂದೊಂದಾಗಿ ಹೆಣಗಿದರೆ ಸಾಲದೆಂದು ಅರಿತು, 2011ರಲ್ಲಿ ಸೈಪ್ರಸ್ಸಿನ ಲಾರ್ನಕಾ ನಗರದಲ್ಲಿಯೇ ಹಲವು ರಾಷ್ಟ್ರಗಳ ಪ್ರತಿನಿಧಿಗಳು ಕಲೆತು, ಇಂತಹ ಕೊಲೆಯನ್ನು ಲವಲೇಶವೂ ಸಹಿಸಲಾಗದೆಂದು ಘೋಷಿಸಿದರು. ಬಾನ್ ಒಡಂಬಡಿಕೆಯ ಆಶ್ರಯದಲ್ಲಿ ಮೆಡಿಟರೇನಿಯನ್ ಪ್ರದೇಶಕ್ಕಾಗಿ ಸರ್ಕಾರಗಳ ಕಾರ್ಯಪಡೆಯೊಂದು ರಚಿತವಾಗಿ, 2016ರಲ್ಲಿ ಈಜಿಪ್ಟಿನ ಕೈರೋದಲ್ಲಿ ತನ್ನ ಮೊದಲ ಸಭೆಯನ್ನು ನಡೆಸಿತು. 2030ರೊಳಗೆ ಅಕ್ರಮ ಹತ್ಯೆಯನ್ನು ಅರ್ಧಕ್ಕಿಳಿಸಬೇಕೆಂಬುದು ಅದರ ಗುರಿ. ಪ್ರತಿಯೊಂದು ದೇಶವೂ ತನ್ನ ಕಾನೂನು, ಕಾವಲು, ಶಿಕ್ಷೆಗಳಿಗೆ ತಾನೇ ಅಂಕ ಕೊಟ್ಟುಕೊಳ್ಳುವ ಪದ್ಧತಿಯನ್ನೂ ಗೊತ್ತುಮಾಡಲಾಗಿದೆ. ತಾನೇ ಪರೀಕ್ಷೆ ಬರೆದು ತಾನೇ ಅಂಕ ಹಾಕಿಕೊಳ್ಳುವ ಈ ಏರ್ಪಾಡು ನಿಮಗೆ ಸೋಜಿಗವೆನಿಸಬಹುದು. ಆದರೆ ಸ್ವತಂತ್ರ ರಾಷ್ಟ್ರಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಲು ಇದಕ್ಕಿಂತ ಸುಲಭವಾದ ದಾರಿ ಇನ್ನೂ ದೊರೆತಿಲ್ಲ. ಬಹುಪಾಲು ದೇಶಗಳು ಆ ಗುರಿಯಿಂದ ಇನ್ನೂ ದೂರವಿವೆ ಎಂದು 2024ರ ಪರಿಶೀಲನೆಯೊಂದು ತಿಳಿಸಿತು.

ನಮ್ಮ ದೇಶದಲ್ಲಿಯೇ ನಡೆದ ಒಂದು ಘಟನೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಅಮುರ್ ಚಾಣವೆಂಬುದು ಪಾರಿವಾಳಕ್ಕಿಂತಲೂ ಹಗುರವಾದ ಬೇಟೆಹಕ್ಕಿ. ಸೈಬೀರಿಯದ ಆಗ್ನೇಯ ಭಾಗದಲ್ಲಿಯೂ ಉತ್ತರ ಚೀನಾದಲ್ಲಿಯೂ ಮರಿಮಾಡಿ, ದಕ್ಷಿಣ ಆಫ್ರಿಕಾಕ್ಕೆ ಚಳಿಗಾಲವನ್ನು ಕಳೆಯಲು ಹೋಗುತ್ತದೆ. ಅಕ್ಟೋಬರ್-ನವೆಂಬರ್ ತಿಂಗಳುಗಳಲ್ಲಿ ಲಕ್ಷಾಂತರ ಚಾಣಗಳು ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ಇಳಿದು, ರೆಕ್ಕೆಬಂದ ಗೆದ್ದಲುಗಳನ್ನು ಹೊಟ್ಟೆತುಂಬ ತಿಂದು, ಮುಂದಿನ ಪಯಣಕ್ಕೆ ಕೊಬ್ಬನ್ನು ಕೂಡಿಸಿಕೊಳ್ಳುತ್ತವೆ. ಜಲಾಶಯವಾದ ಮೇಲೆ ಅಲ್ಲಿಯ ಜನರ ಕೈಗೆ ಮೀನಿನ ಬಲೆಗಳು ಬಂದಿದ್ದವು. ಅದೇ ಬಲೆಗಳನ್ನು ಮರಗಳ ನಡುವೆ ಎತ್ತರಕ್ಕೆ ಕಟ್ಟಿದರೆ ಹಕ್ಕಿಗಳೂ ಸಿಕ್ಕುವುವೆಂದು ಅವರು ಕಂಡುಕೊಂಡರು.

2012ರ ಶರತ್ಕಾಲದಲ್ಲಿ ಬೆಂಗಳೂರಿನ ರಾಮ್ಕಿ ಶ್ರೀನಿವಾಸನ್, ನಾಗಾಲ್ಯಾಂಡಿನ ಪತ್ರಿಕೋದ್ಯಮಿ ಬಾನೊ ಹರಾಲು ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಕಂಡುದನ್ನು ಚಿತ್ರಗಳ ಸಮೇತ ಲೋಕದ ಮುಂದಿಟ್ಟರು. ದಿನವೊಂದಕ್ಕೆ 12,000ದಿಂದ 14,000 ಹಕ್ಕಿಗಳು ಸಾಯುತ್ತಿದ್ದವೆಂದು ಅವರು ಅಂದಾಜಿಸಿದರು. ಸೆರೆಸಿಕ್ಕಿದ ಚಾಣಗಳನ್ನು ಸೊಳ್ಳೆಪರದೆಗಳಲ್ಲಿ ತುಂಬಿಡುತ್ತಿದ್ದರು. ಪುಕ್ಕ ಕಿತ್ತು, ಹೊಗೆಯಲ್ಲಿ ಒಣಗಿಸಿ ಮಾರುತ್ತಿದ್ದರು. ಭಾರತದ 1972ರ ವನ್ಯಜೀವಿ ಕಾಯಿದೆಯಿದ್ದಿತು, ಬಾನ್ ಒಡಂಬಡಿಕೆಯ ಸಹಿಯೂ ಇದ್ದಿತು. ಎರಡೂ ಆ ಕಾಡಿನವರೆಗೆ ತಲುಪಿರಲಿಲ್ಲ.

ಮುಂದಿನ ವರ್ಷ ನಡೆದುದು ಬಹುಶಃ ಪಕ್ಷಿರಕ್ಷಣೆಯ ಇತಿಹಾಸದಲ್ಲಿಯೇ ಅಪೂರ್ವವಾದುದು. ಸರ್ಕಾರ ಕಾವಲು ಹಾಕಿತು ನಿಜ. ಆದರೆ ಪಾಂಗ್ತಿ ಮುಂತಾದ ಹಳ್ಳಿಗಳ ಪಂಚಾಯಿತಿ ಸಭೆಗಳೇ ಬೇಟೆಯನ್ನು ನಿಷೇಧಿಸಿ ದಂಡವನ್ನು ವಿಧಿಸಿದವು. ಚರ್ಚುಗಳಲ್ಲಿ ಪಾದ್ರಿಗಳು ಈ ಬಗ್ಗೆ ಬೋಧಿಸಿದರು. ಶಾಲೆಯ ಮಕ್ಕಳಿಗಾಗಿ ಪಕ್ಷಿಸಂಘಗಳು ಹುಟ್ಟಿಕೊಂಡವು. ಬಲೆ ಹಾಕುತ್ತಿದ್ದವರಿಗೆ ಆ ಬಲೆಯೇ ವರ್ಷದ ಮುಖ್ಯ ಸಂಪಾದನೆಯಾಗಿತ್ತು, ಮಕ್ಕಳ ಶಾಲೆಯ ಖರ್ಚೂ ಅದರಿಂದಲೇ ನಡೆಯುತ್ತಿತ್ತು ಎಂಬುದನ್ನು ಮರೆಯಬಾರದು. ಅಂತಹವರು ಬಲೆಯನ್ನು ಬಿಟ್ಟು ತಾವೇ ಕಾವಲುಗಾರರಾಗಿ ನಿಂತರು. 2013ರಲ್ಲಿ ಅಲ್ಲಿ ಚಾಣಗಳ ಸಾಮೂಹಿಕ ಹತ್ಯೆ ನಡೆಯಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ಭಾರತ ಮತ್ತು ಹಂಗೆರಿಯ ವಿಜ್ಞಾನಿಗಳು ಮೂರು ಚಾಣಗಳ ಬೆನ್ನಿಗೆ ಐದು ಗ್ರಾಂ ತೂಕದ ಪುಟ್ಟ ಯಂತ್ರಗಳನ್ನು ಕಟ್ಟಿ ಹಾರಿಬಿಟ್ಟರು. ನಾಗಾ, ವೋಖಾ, ಪಾಂಗ್ತಿ ಎಂದು ಅವುಗಳಿಗೆ ಹೆಸರಿಟ್ಟರು. ಉಪಗ್ರಹದ ಮೂಲಕ ಅವುಗಳ ದಾರಿ ದಿನದಿನವೂ ತಿಳಿಯುತ್ತಿತ್ತು. ಅವು ದಕ್ಷಿಣ ಭಾರತದ ಪ್ರಸ್ಥಭೂಮಿಯನ್ನು ದಾಟಿ, ಪಶ್ಚಿಮ ಕರಾವಳಿಯಿಂದ ಅರಬ್ಬೀ ಸಮುದ್ರದ ಮೇಲೆ ಎಲ್ಲಿಯೂ ನಿಲ್ಲದೆ ಹಾರಿ, ಆಫ್ರಿಕಾವನ್ನು ಮುಟ್ಟಿದವು. ತಮ್ಮ ಊರಿನ ಹೆಸರು ಹೊತ್ತ ಹಕ್ಕಿ ಸೋಮಾಲಿಯದಲ್ಲಿದೆಯಂತೆ ಎಂದು ಪಾಂಗ್ತಿಯ ಹಳ್ಳಿಗರು ಮಾತಾಡಿಕೊಳ್ಳುವಂತಾಯಿತು. ಕಾನೂನಿನ ಪುಸ್ತಕವು ಮಾಡಲಾರದ ಕೆಲಸವನ್ನು ಆ ಐದು ಗ್ರಾಂ ಯಂತ್ರ ಮಾಡಿತೆಂದೇ ಹೇಳಬೇಕು. ಆದರೂ ನೆರೆಯ ಮಣಿಪುರದಲ್ಲಿ 2018ರಲ್ಲಿ ಯಂತ್ರವನ್ನು ಕಟ್ಟಿದ್ದ ಚಾಣವೊಂದು ಕೆಲವೇ ದಿನಗಳಲ್ಲಿ ಬೇಟೆಗೆ ಬಲಿಯಾಯಿತು.

ಬಾನ್ ಒಡಂಬಡಿಕೆಯ ರಾಷ್ಟ್ರಗಳ ಮಹಾಸಭೆ 2020ರ ಫೆಬ್ರವರಿಯಲ್ಲಿ ಗಾಂಧೀನಗರದಲ್ಲಿ ನೆರೆಯಿತು. ನಾಲ್ಕು ವರ್ಷಗಳ ಅನಂತರ ಉಜ್ಬೇಕಿಸ್ತಾನದ ಸಮರಕಂದದಲ್ಲಿ ಸೇರಿದ ಸಭೆ, ಆರ್ಕ್ಟಿಕ್ ತೀರದಿಂದ ಹಿಂದೂ ಮಹಾಸಾಗರದವರೆಗೆ ಮೂವತ್ತು ದೇಶಗಳ ಮೇಲೆ ಹಾದುಹೋಗುವ ಮಧ್ಯ ಏಷ್ಯಾದ ವಲಸೆಮಾರ್ಗಕ್ಕಾಗಿ ಸಂಘಟಿತ ಕಾರ್ಯಕ್ರಮವೊಂದನ್ನು ಅಂಗೀಕರಿಸಿತು. ಅದರ ಸಮನ್ವಯ ಘಟಕವನ್ನು ಭಾರತದಲ್ಲಿ ಸ್ಥಾಪಿಸಲು ನಿರ್ಧರಿಸಲಾಯಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿವರ್ಷ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬಂದಿಳಿಯುವ, ಹಗಲು ನೀರಿನಲ್ಲಿ ವಿಶ್ರಮಿಸಿ ಸುತ್ತಣ ಹೊಲಗಳಲ್ಲಿ ಮೇಯುವ ಪಟ್ಟೆತಲೆಯ ಹೆಬ್ಬಾತುಗಳು ಬರುವುದು ಇದೇ ಮಾರ್ಗದಲ್ಲಿ.