ಪುಟ್ಟಿ ಹಿದುಕಿದ ಬೇಳೆ

ಡಿಗ್ರಿ ಮುಗಿಸಿ ಮನೆಯಲ್ಲಿರುವವರಿಗೆ ಕೆಲಸವಿಲ್ಲ ಎಂದು ಯಾರು ಹೇಳಿದರೋ! ಗ್ಯಾಸ್ ಬುಕ್ ಮಾಡುವುದು, ಕರೆಂಟ್ ಬಿಲ್ ಕಟ್ಟುವುದು, ರೇಷನ್ ಅಂಗಡಿ ಸಾಲಿನಲ್ಲಿ ನಿಲ್ಲುವುದು, ಊರಿಂದ ಬರುವ ನೆಂಟರನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವುದು ಎಲ್ಲವೂ ನಮ್ಮ ಪಾಲಿಗೇ. ‘ಹೆಂಗೂ ಮನೇಲೇ ಇರ್ತೀಯಲ್ಲ’ ಎಂಬ ಒಂದು ಮಾತು ಸಾಕು, ಪುಸ್ತಕ ಮಡಚಿಟ್ಟು ಏಳಬೇಕು. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಪಿಡಿಒ, ಎಫ್‌ಡಿಎ ಎಂದು ಓದುತ್ತಿರುವ ನನಗೆ ಕಳೆದ ಡಿಸೆಂಬರ್‌ನಲ್ಲಿ ಇನ್ನೊಂದು ಕೆಲಸ ಸೇರಿತು. ಅಕ್ಕನ ಮಗಳಿಗೆ ಊಟ ಮಾಡಿಸುವುದು.

ನಾನಿರುವುದು ತುಮಕೂರಿನಲ್ಲಿ, ಅಕ್ಕ–ಭಾವನ ಮನೆಯಲ್ಲಿ. ಅಕ್ಕ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಸ್ಟಾಫ್ ನರ್ಸ್. ಭಾವನಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಮಗಳಿಗೆ ಆಗ ಮೂರೂವರೆ ವರ್ಷ. ಮನೆಯಲ್ಲಿ ಎಲ್ಲರಿಗೂ ಅವಳು ‘ಪುಟ್ಟಿ’. ಮೊಸರನ್ನ, ಬಿಸ್ಕತ್ತು ಮತ್ತು ಹಾಲು, ಇಷ್ಟೇ ಅವಳ ಊಟ. ಅದೂ ಮೊಬೈಲ್‌ನಲ್ಲಿ ಹಾಡು ಓಡುತ್ತಿದ್ದರೆ ಮಾತ್ರ ಬಾಯಿ ತೆರೆಯುತ್ತಿದ್ದಳು. ಅನ್ನದಲ್ಲಿ ಒಂದು ಎಸಳು ಕೊತ್ತಂಬರಿ ಕಂಡರೂ ತಟ್ಟೆ ದೂರ ತಳ್ಳುತ್ತಿದ್ದಳು.

ಆ ತಿಂಗಳು ಅಂಗನವಾಡಿಯಲ್ಲಿ ತೂಕ ನೋಡಿದಾಗ 11 ಕಿಲೊ 400 ಗ್ರಾಂ. ಬೆಳವಣಿಗೆಯ ಪಟ್ಟಿಯಲ್ಲಿ ಅವಳ ಚುಕ್ಕಿ ಹಸಿರು ಬಿಟ್ಟು ಹಳದಿಗೆ ಇಳಿದಿತ್ತು. ವಿಷಯ ಗುಬ್ಬಿಯಲ್ಲಿರುವ ಅಕ್ಕನ ಅತ್ತೆಗೂ ತಲುಪಿತು. ‘ಮಗು ಬಾಡಿ ಹೋಗೈತೆ. ದುಡ್ಡು ನಾಳೆನೂ ದುಡೀಬೌದು, ಕೆಲಸ ಬಿಡು’ ಎಂದರು. ಅಕ್ಕನ ಸಂಬಳದಲ್ಲೇ ಮನೆ ಬಾಡಿಗೆ ಹೋಗುತ್ತದೆ. ನನ್ನ ಅರ್ಜಿ ಶುಲ್ಕ, ಪುಸ್ತಕದ ಖರ್ಚೂ ಅದರಲ್ಲೇ. ಆ ರಾತ್ರಿ ಪಾತ್ರೆ ತೊಳೆಯುತ್ತಾ ಅವಳು ಹೇಳಿದ್ದು ಇಷ್ಟೇ: ‘ಏಪ್ರಿಲ್ ತನಕ ನೋಡ್ತೀನಿ ಕಣೋ. ಆಗ್ಲೂ ಹಿಂಗೇ ಇದ್ರೆ ರಿಸೈನ್ ಮಾಡ್ತೀನಿ.’

ಮೊದಲು ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಮಗು ಊಟ ಬಿಟ್ಟಿದ್ದಕ್ಕೆ ಕಾಯಿಲೆ ಕಾರಣವೇ ಎಂದು ತಿಳಿಯದೆ ಅಡುಗೆಮನೆಯಲ್ಲಿ ಏನು ಮಾಡಿದರೂ ವ್ಯರ್ಥ. ರಕ್ತ ಪರೀಕ್ಷೆಯಲ್ಲಿ ಕಬ್ಬಿಣದಂಶ ಕಡಿಮೆ ಇರುವುದು ಗೊತ್ತಾಯಿತು. ಜಂತುಹುಳುವಿನ ಮಾತ್ರೆ, ಕಬ್ಬಿಣದ ಸಿರಪ್ ಬರೆದ ಮೇಡಂ ‘ದಿನಕ್ಕೆ ಎಷ್ಟು ಹಾಲು ಕುಡೀತಾಳೆ?’ ಎಂದು ಕೇಳಿದರು. ಲೆಕ್ಕ ಹಾಕಿದರೆ ಒಂದು ಲೀಟರ್ ಹತ್ತಿರ! ಹೊಟ್ಟೆಯೆಲ್ಲ ಹಾಲೇ ತುಂಬಿದರೆ ಊಟಕ್ಕೆ ಜಾಗವೆಲ್ಲಿ? ಹಾಲಿನಲ್ಲಿ ಕಬ್ಬಿಣದಂಶವೂ ತೀರಾ ಕಡಿಮೆ. ಅರ್ಧ ಲೀಟರ್‌ಗಿಂತ ಹೆಚ್ಚು ಬೇಡ ಎಂದರು.

ಅವರು ಹೇಳಿದ ಇನ್ನೊಂದು ಮಾತು ಅಕ್ಕನಿಗೆ ಸಮಾಧಾನ ತಂದಿತು. ಹುಟ್ಟಿದಾಗಿನ ತೂಕ ಮಗುವಿಗೆ ಒಂದು ವರ್ಷವಾಗುವಷ್ಟರಲ್ಲಿ ಸುಮಾರು ಮೂರು ಪಟ್ಟಾಗುತ್ತದೆ. ಆಮೇಲೆ ಆ ವೇಗ ಇರುವುದಿಲ್ಲ, ವರ್ಷಕ್ಕೆ ಎರಡು ಕಿಲೊ ಆಸುಪಾಸು ಏರುತ್ತದೆ. ಬೆಳವಣಿಗೆ ನಿಧಾನವಾದಂತೆ ಹಸಿವೂ ಇಳಿಯುತ್ತದೆ. ಅದೇ ವಯಸ್ಸಿನಲ್ಲಿ ಹೊಸ ತಿನಿಸು ಕಂಡರೆ ಅನುಮಾನವೂ ಶುರು. ನಡೆಯಲು ಕಲಿತ ಮಗು ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಂಡು ಅಪಾಯಕ್ಕೆ ಸಿಲುಕದಿರಲಿ ಎಂದು ಪ್ರಕೃತಿ ಕೊಟ್ಟ ಭಯ ಇದು ಎಂದು ತಜ್ಞರು ವಿವರಿಸುತ್ತಾರೆ. ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಇದು ಸಾಮಾನ್ಯ. ‘ನಿನ್ನ ಮಗಳಿಗೆ ಮಾತ್ರ ಹಠ’ ಎಂದು ತಾಯಿಯನ್ನು ದೂರುವವರಿಗೆ ಇದು ತಿಳಿದಿರಬೇಕು.

ಓದುವ ಅಭ್ಯಾಸ ಇದ್ದೇ ಇತ್ತಲ್ಲ, ಕರೆಂಟ್ ಅಫೇರ್ಸ್ ನಡುವೆ ಮಕ್ಕಳ ಊಟದ ಬಗ್ಗೆಯೂ ಓದಿದೆ. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಒಂದು ಸರಳ ಹಂಚಿಕೆ ಹೇಳುತ್ತಾರೆ. ಏನು, ಯಾವಾಗ, ಎಲ್ಲಿ ಎಂಬುದನ್ನು ದೊಡ್ಡವರು ನಿರ್ಧರಿಸಬೇಕು. ತಿನ್ನಬೇಕೋ ಬೇಡವೋ, ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೆ ಬಿಡಬೇಕು. ನಮ್ಮ ಮನೆಗಳಲ್ಲಿ ನಡೆಯುವುದು ಉಲ್ಟಾ. ಏನು ಬೇಕೆಂದು ಮಗುವನ್ನು ಕೇಳುತ್ತೇವೆ, ಎಷ್ಟು ತಿನ್ನಬೇಕೆಂದು ನಾವು ಹಠ ಹಿಡಿಯುತ್ತೇವೆ. ಲಿಯಾನ್ ಬರ್ಚ್ ಎಂಬ ವಿಜ್ಞಾನಿ ತಮ್ಮ ಸಂಗಡಿಗರೊಂದಿಗೆ 1982ರಲ್ಲಿ ಪ್ರಕಟಿಸಿದ ಅಧ್ಯಯನವೂ ಹಿಡಿಸಿತು. ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳನ್ನು ಕೆಲವನ್ನು ಎರಡೇ ಸಲ, ಕೆಲವನ್ನು ಇಪ್ಪತ್ತು ಸಲದವರೆಗೆ ಕೊಟ್ಟು ನೋಡಿದರು. ಹೆಚ್ಚು ಸಲ ರುಚಿ ನೋಡಿದ್ದನ್ನೇ ಮಕ್ಕಳು ಹೆಚ್ಚು ಇಷ್ಟಪಟ್ಟರು. ನಾವೋ, ಮೂರನೇ ಸಲಕ್ಕೇ ‘ಇವಳಿಗೆ ಸೊಪ್ಪು ಸೇರಲ್ಲ’ ಎಂದು ತೀರ್ಪು ಕೊಟ್ಟಿರುತ್ತೇವೆ.

ಓದಿದ್ದು ಸುಲಭ, ಮಾಡಿಸುವುದು ಹೇಗೆ? ದಾರಿ ತೋರಿಸಿದ್ದು ಅವರೆಕಾಯಿ. ಡಿಸೆಂಬರ್ ಎಂದರೆ ಸೊಗಡಿನ ಕಾಲ. ಮಾರುಕಟ್ಟೆಯಿಂದ ಎರಡು ಕಿಲೊ ತಂದು ಸುಲಿದು, ರಾತ್ರಿ ಕಾಳು ನೆನೆಹಾಕಿದೆ. ಬೆಳಿಗ್ಗೆ ಹಿದುಕಲು ಕುಳಿತರೆ ಪುಟ್ಟಿ ಪಕ್ಕಕ್ಕೆ ಬಂದಳು. ಬೆರಳಲ್ಲಿ ಒತ್ತಿದ ತಕ್ಷಣ ಸಿಪ್ಪೆಯಿಂದ ಬೇಳೆ ಪುಳಕ್ ಎಂದು ಹಾರುವುದು ಅವಳಿಗೆ ಆಟ. ‘ಮಾವ, ನಾನೂ ಹಿದುಕ್ತೀನಿ’ ಎಂದಳು. ಅರ್ಧ ಗಂಟೆಯಲ್ಲಿ ಒಂದು ಹಿಡಿಯಷ್ಟು ಹಿದುಕಿದಳು, ಅದರ ಅರ್ಧ ಸೋಫಾ ಕೆಳಗೆ ಹೋಯಿತು. ಮಧ್ಯಾಹ್ನ ಸಾರು ಬಡಿಸಿದಾಗ ‘ತಿನ್ನು’ ಎಂದು ಯಾರೂ ಹೇಳಲಿಲ್ಲ. ತಟ್ಟೆಯಲ್ಲಿ ಬೇಳೆ ಹುಡುಕಿ ‘ಇದು ನಾನ್ ಮಾಡಿದ್ದು’ ಎಂದು ನಾಲ್ಕು ಕಾಳು ತಿಂದಳು. ಸಾರು ಮುಟ್ಟಲಿಲ್ಲ. ನನಗೆ ಆ ನಾಲ್ಕು ಕಾಳೇ ಸಾಕಾಗಿತ್ತು.

ಅಲ್ಲಿಂದ ದಿನಕ್ಕೊಂದು ಕೆಲಸ ಅವಳಿಗೆ ಮೀಸಲಾಯಿತು. ದಂಟಿನ ಸೊಪ್ಪು ಬಿಡಿಸುವುದು, ಕೋಸಂಬರಿಗೆ ನೆನೆದ ಹೆಸರುಬೇಳೆ ತೊಳೆಯುವುದು, ಅಕ್ಕಿರೊಟ್ಟಿ ಹಿಟ್ಟಿಗೆ ತುರಿದ ಕ್ಯಾರೆಟ್ ಹಾಕಿ ಕಲಸುವುದು, ಬಾಳೆಲೆಯ ಮೇಲೆ ತನ್ನದೇ ಪುಟ್ಟ ರೊಟ್ಟಿ ತಟ್ಟುವುದು. ನಿಂಬೆಹಣ್ಣು ಹಿಂಡುವ ಅಧಿಕಾರ ಅವಳೊಬ್ಬಳಿಗೇ. ನಿಂಬೆಯ ಸಿ ವಿಟಮಿನ್‌ನಿಂದ ಸೊಪ್ಪು–ಬೇಳೆಯ ಕಬ್ಬಿಣದಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ ಎಂಬುದು ಅವಳಿಗೆ ಬೇಕಿಲ್ಲ, ಹುಳಿ ಹಿಂಡಿ ಮುಖ ಕಿವುಚುವುದೇ ಸಂಭ್ರಮ.

ಹಾಲು ಕಡಿಮೆಯಾದರೆ ಮೂಳೆಗೆ ಏನು ಗತಿ ಎಂದು ಅತ್ತೆ ಕೇಳಿದರು. ಉತ್ತರ ಅವರ ಹೊಲದಲ್ಲೇ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಪಟ್ಟಿ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಆದರೆ ಮುದ್ದೆ ನುಂಗುವುದು ಪುಟ್ಟಿಗೆ ಕಷ್ಟ. ಮುದ್ದೆ ಉಗುರುಬೆಚ್ಚಗಾದ ಮೇಲೆ ಅಂಗೈ ಒದ್ದೆ ಮಾಡಿಕೊಂಡು ಗೋಲಿಯಷ್ಟು ಉಂಡೆ ಕಟ್ಟಲು ಬಿಟ್ಟೆ. ಭಾವನಿಗೆ ಐದು, ಅಮ್ಮನಿಗೆ ಐದು ಎಂದು ಹಂಚುತ್ತಾ ತನಗೆ ಮೂರು ಇಟ್ಟುಕೊಂಡಳು. ಎಣಿಕೆಯೂ ಕಲಿತಳು!

ಎಲ್ಲವೂ ಹೀಗೇ ಸಲೀಸಾಗಿ ನಡೆಯಲಿಲ್ಲ. ಊಟದ ಹೊತ್ತಿನಲ್ಲಿ ಮೊಬೈಲ್ ನಿಲ್ಲಿಸಿದ ಮೊದಲ ಮೂರು ದಿನ ಮನೆ ರಣರಂಗ. ಎರಡನೇ ರಾತ್ರಿ ಅವಳು ಎರಡೇ ತುತ್ತು ತಿಂದು ಎದ್ದಾಗ ಭಾವ ‘ಹಸ್ಕೊಂಡು ಮಲಗ್ಬೇಕಾ ಮಗು?’ ಎಂದು ಫೋನ್ ಕೈಗೆತ್ತಿಕೊಂಡರು. ಡ್ಯೂಟಿ ಮುಗಿಸಿ ಬಂದಿದ್ದ ಅಕ್ಕ ಅಳುತ್ತಲೇ ಅದನ್ನು ಕಿತ್ತಿಟ್ಟಳು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ ನಿಜ. ಅಳುವ ಮಗುವಿನ ಎದುರು ಅದನ್ನು ಪಾಲಿಸುವುದು ಯಾವ ಪರೀಕ್ಷೆಗಿಂತಲೂ ಕಷ್ಟ. ನಾಲ್ಕನೇ ದಿನ ಅವಳು ಕೇಳುವುದನ್ನು ಬಿಟ್ಟಳು.

ಹೊರಗಿನ ಮಾತುಗಳೂ ಇದ್ದವು. ಸೊಪ್ಪು ಬಿಡಿಸುತ್ತಾ ಜಗುಲಿಯಲ್ಲಿ ಕುಳಿತಿದ್ದರೆ ಪಕ್ಕದ ಮನೆಯ ಅಂಕಲ್ ‘ಏನಪ್ಪಾ, ಗೌರ್ಮೆಂಟ್ ಕೆಲಸ ಬಿಟ್ಟು ಅಡುಗೆ ಭಟ್ಟರ ಪೋಸ್ಟಿಗೆ ಅರ್ಜಿ ಹಾಕಿದ್ಯಾ?’ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಓದಿ, ಹತ್ತರಿಂದ ಒಂದರವರೆಗೆ ಅಡುಗೆ, ಊಟ. ಪುಟ್ಟಿ ಮಲಗಿದ ಮೇಲೆ ಮತ್ತೆ ಪುಸ್ತಕ. ಅವರಿಗೆ ಕಾಣುತ್ತಿದ್ದುದು ಸೊಪ್ಪು ಮಾತ್ರ.

ಮನೆಯಲ್ಲಿ ಇಂಥ ಚಿಕ್ಕ ಮಕ್ಕಳಿರುವ ಗೆಳೆಯ–ಗೆಳತಿಯರಿಗೆ ಒಂದಿಷ್ಟು ಕಿವಿಮಾತು. ಕಾಳು ಮೂಗಿಗೆ ತುರುಕಿಕೊಳ್ಳುವ ವಯಸ್ಸು ಇದು, ಪಕ್ಕದಿಂದ ಏಳಬೇಡಿ. ಇಡೀ ಕಡಲೆಕಾಯಿ ಬೀಜ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಪುಡಿ ಮಾಡಿಯೇ ಕೊಡಿ. ಒಲೆ, ಕುಕ್ಕರ್, ಈಳಿಗೆಮಣೆ ದೂರವಿರಲಿ. ಬಾಳೆಹಣ್ಣು ಕತ್ತರಿಸಲು ಮೊಂಡು ಚಾಕು ಸಾಕು. ತಟ್ಟೆಗೆ ಒಂದೇ ಚಮಚ ಬಡಿಸಿ, ಬೇಕಾದರೆ ಅವರೇ ಕೇಳುತ್ತಾರೆ. ಪಲ್ಯ ತಿಂದರೆ ಚಾಕೊಲೇಟ್ ಕೊಡುತ್ತೇನೆ ಎನ್ನಬೇಡಿ, ಪಲ್ಯ ಶಿಕ್ಷೆ, ಚಾಕೊಲೇಟ್ ಬಹುಮಾನ ಎಂದು ಮಗು ಕಲಿಯುತ್ತದೆ. ನೆಲ ಗಲೀಜಾಗುತ್ತದೆ, ಪೊರಕೆ ಹತ್ತಿರವಿರಲಿ. ಆ ಪೊರಕೆ ಹಿಡಿಯುವುದೂ ಮಕ್ಕಳಿಗೆ ಇಷ್ಟವೇ.

ಏಪ್ರಿಲ್‌ನಲ್ಲಿ ಅಂಗನವಾಡಿಯ ತಕ್ಕಡಿ 12 ಕಿಲೊ 300 ಗ್ರಾಂ ತೋರಿಸಿತು. ಚುಕ್ಕಿ ಹಸಿರಿನ ಅಂಚಿಗೆ ಬಂದಿತ್ತು. ಅದರಲ್ಲಿ ಸಿರಪ್‌ನ ಪಾಲೆಷ್ಟು, ಕಡಿಮೆಯಾದ ಹಾಲಿನ ಪಾಲೆಷ್ಟು, ರೊಟ್ಟಿ ತಟ್ಟಿದ ಕೈಗಳ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಬದನೆಕಾಯಿಯನ್ನು ಹನ್ನೆರಡು ಸಲ ಬಡಿಸಿದ್ದೇನೆ, ಹನ್ನೆರಡು ಸಲವೂ ತಟ್ಟೆಯ ಅಂಚಿಗೆ ಸರಿಸಿದ್ದಾಳೆ. ಲೆಕ್ಕದಲ್ಲಿ ಇನ್ನೂ ಎಂಟು ಬಾಕಿ ಇದೆ, ಅವಸರವಿಲ್ಲ. ಅಕ್ಕ ಕೆಲಸ ಬಿಡಲಿಲ್ಲ. ನನಗೆ ಕೆಲಸ ಇನ್ನೂ ಸಿಕ್ಕಿಲ್ಲ. ಮುಂದಿನ ಪರೀಕ್ಷೆಯ ಹಾಲ್ ಟಿಕೆಟ್ ಬಂದಿದೆ. ಆ ದಿನ ನನ್ನ ಬುತ್ತಿಗೆ ತಾನೇ ನಿಂಬೆ ಹಿಂಡುವುದಾಗಿ ಪುಟ್ಟಿ ಈಗಲೇ ಹೇಳಿಟ್ಟಿದ್ದಾಳೆ.