ಕೂರಿಗೆ ಬರೆದ ಸಮೀಕರಣ

ಬಳ್ಳಾರಿ ಸೀಮೆಯ ರಾರಾವಿಯ ಎರೆ ಹೊಲಗಳಲ್ಲಿ ಹಿಂಗಾರಿ ಬಿತ್ತನೆಯ ಹೊತ್ತು. ಕಾಲುವೆ ನೀರು ಮುಟ್ಟುವ ಕಡೆ ಭತ್ತ ಹಸಿರಾಗಿ ನಿಂತಿದೆ. ಮಳೆಯನ್ನೇ ನಂಬಿದ ಕಡೆ ನೆಲ ಕಪ್ಪಗೆ, ಹಸಿಯಾಗಿ ಹರವಿಕೊಂಡಿದೆ. ಎತ್ತಿನ ಜೋಡಿ ಕೂರಿಗೆ ಎಳೆಯುತ್ತಿದೆ. ಹಿಂದೆ ನಡೆಯುವಾಕೆ ಉಡಿಯಿಂದ ಜೋಳ ತೆಗೆದು ಬಟ್ಟಲಿಗೆ ಬಿಡುತ್ತಾಳೆ. ಕಾಳು ಕೊಳವೆಗಳಲ್ಲಿ ಇಳಿದು, ಮೂರು ತಾಳುಗಳು ಸೀಳಿದ ಮಣ್ಣು ಸೇರುತ್ತದೆ. ಎತ್ತು ಹಾದುಹೋದಲ್ಲಿ ಮೂರು ಗೆರೆಗಳು ಉಳಿಯುತ್ತವೆ.

ಗೆರೆಗಳು ಬದುವಿಗೆ ಓರೆಯಾಗಿವೆ. ಇಳಿಜಾರಿಗೆ ಅಡ್ಡವಾಗಿ ಬಿತ್ತಿದರೆ ಮಳೆನೀರು ಓಡಿಹೋಗದೆ ಇಂಗುತ್ತದೆ, ಮಣ್ಣೂ ಉಳಿಯುತ್ತದೆ. ಬಳ್ಳಾರಿಯಲ್ಲಿ 1954ರಲ್ಲಿ ಶುರುವಾದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಎರೆ ನೆಲಕ್ಕೆ ಹೇಳುತ್ತ ಬಂದ ಪಾಠಗಳಲ್ಲಿ ಇದೂ ಒಂದು.

ಈ ಓರೆ ಗೆರೆಗಳನ್ನು ಸಮೀಕರಣವಾಗಿ ಬರೆಯಲು ಹೊಲದ ನೈರುತ್ಯ ಮೂಲೆಯ ಬದುಗಲ್ಲನ್ನು ಮೂಲಬಿಂದು ಎನ್ನೋಣ. ಪೂರ್ವಕ್ಕೆ ಹೋದ ಬದು ಎಕ್ಸ್ ಅಕ್ಷ, ಉತ್ತರಕ್ಕೆ ಹೋದದ್ದು ವೈ ಅಕ್ಷ. ಮೊದಲ ಗೆರೆ ಆ ಕಲ್ಲಿನಿಂದಲೇ ಹೊರಟು, ಪೂರ್ವಕ್ಕೆ 4 ಅಡಿ ಹೋದಾಗಲೆಲ್ಲ ಉತ್ತರಕ್ಕೆ 3 ಅಡಿ ಏರುತ್ತದೆ ಎಂದುಕೊಳ್ಳಿ. ಆಗ ಅದರ ಸಮೀಕರಣ: ವೈ = ¾ ಎಕ್ಸ್. ಈ ¾ ಗೆರೆಯ ಓರೆ; ಗಣಿತ ಅದನ್ನು ಪ್ರವಣತೆ ಎನ್ನುತ್ತದೆ.

ಗೆರೆಯನ್ನು ಹಾಗೆಯೇ ಎತ್ತಿ ಉತ್ತರಕ್ಕೆ 5 ಅಡಿ ಸರಿಸಿದರೆ ಪ್ರತಿ ಬಿಂದುವೂ 5 ಅಡಿ ಮೇಲೇರುತ್ತದೆ: ವೈ = ¾ ಎಕ್ಸ್ + 5. ಮೊದಲ ಗೆರೆಯನ್ನೇ ಪೂರ್ವಕ್ಕೆ 4 ಅಡಿ ಸರಿಸಿದರೆ? ಮಕ್ಕಳು ತಡವರಿಸುವುದು ಇಲ್ಲಿಯೇ. ಮುಂದೆ ಸರಿಸಿದ್ದರಿಂದ ಕೂಡಬೇಕು ಅನ್ನಿಸುತ್ತದೆ, ಆದರೆ ಕಳೆಯಬೇಕು. ಹಳೆಯ ಗೆರೆ 6ನೇ ಅಡಿಯಲ್ಲಿ ಮುಟ್ಟಿದ ಎತ್ತರವನ್ನು ಹೊಸ ಗೆರೆ 10ನೇ ಅಡಿಯಲ್ಲಿ ಮುಟ್ಟುತ್ತದೆ. ಹೊಸ ಗೆರೆಯ ಎತ್ತರ ಬೇಕಾದರೆ 4 ಅಡಿ ಹಿಂದಕ್ಕೆ ಹೋಗಿ ಹಳೆಯದನ್ನು ಕೇಳಬೇಕು: ವೈ = ¾ (ಎಕ್ಸ್ − 4), ಅಂದರೆ ¾ ಎಕ್ಸ್ − 3. ಪೂರ್ವಕ್ಕೆ 4, ಉತ್ತರಕ್ಕೆ 3 ಅಡಿ ಒಟ್ಟಿಗೆ ಸರಿಸಿದರೆ −3 ಮತ್ತು +3 ಅಳಿದು ಮೊದಲ ಸಮೀಕರಣವೇ ಮರಳುತ್ತದೆ. ಗೆರೆ ತನ್ನ ಹಾದಿಯಲ್ಲೇ ಮುಂದೆ ಜಾರಿತು, ಅಷ್ಟೆ.

ಕೂರಿಗೆ ಗೆರೆಯನ್ನು ಸರಿಸುವುದು ಬೇರೆ ಬಗೆಯಲ್ಲಿ. ತಾಳುಗಳ ನಡುವೆ 1 ಅಡಿ ಇದ್ದರೆ, ಆ ಅಂತರ ಗೆರೆಗೆ ಲಂಬವಾಗಿರುತ್ತದೆ. ಓರೆಯಾದ್ದರಿಂದ ಉತ್ತರಕ್ಕೆ ಹೋದ ಬದುವಿನ ಮೇಲೆ ಅದೇ ಅಂತರ 1¼ ಅಡಿಯಾಗಿ ಬೀಳುತ್ತದೆ. ಹೀಗೆ ಮೂರು ತಾಳಿಗೆ ಮೂರು ಸಮೀಕರಣ: ವೈ = ¾ ಎಕ್ಸ್, ವೈ = ¾ ಎಕ್ಸ್ + 1¼, ವೈ = ¾ ಎಕ್ಸ್ + 2½. ಕೊನೆಯ ಅಂಕಿ ಬದಲಾಗುತ್ತ ಹೋಗುತ್ತದೆ, ¾ ಅಲುಗುವುದಿಲ್ಲ.

ಆ ಅಲುಗದ ಅಂಕಿಯ ಬೆಲೆ ಪೈರು ಗೇಣುದ್ದ ಬಂದಾಗ ತಿಳಿಯುತ್ತದೆ. ಎಡೆಕುಂಟೆ ಸಾಲಿನ ನಡುವೆ ಇಳಿದು ಕಳೆ ಕೀಳುತ್ತ ಹೋಗಬೇಕು. ಒಂದು ಸಾಲಿನ ಓರೆ ಮಾತ್ರ ತುಸು ಬೇರೆಯಾದರೂ ಸಾಲುಗಳು ಎಲ್ಲೋ ಒಂದು ಕಡೆ ಹತ್ತಿರವಾಗುತ್ತವೆ, ಕುಡ ಪೈರನ್ನೇ ಕತ್ತರಿಸುತ್ತದೆ. ಪಕ್ಕಕ್ಕೆ ಸರಿದರೂ ಓರೆ ಕೆಡದ ಗೆರೆಗಳು ಎಂದೂ ಸಂಧಿಸುವುದಿಲ್ಲ. ರಾರಾವಿಯ ಮಗುವಿಗೆ ಈ ಪಾಠ ಕಲಿಸಲು ಗ್ರಾಫ್ ಹಾಳೆ ಬಿಡಿಸುವ ಮೊದಲು ಹೊಲದ ಬದುವಿಗೆ ಕರೆದೊಯ್ಯಬೇಕು. ಸಮೀಕರಣದ ಯಾವ ಅಂಕಿ ಬದಲಾಗಬಹುದು, ಯಾವುದು ಬದಲಾಗಬಾರದು ಎಂಬುದನ್ನು ಆ ಮಗುವಿನ ಮನೆಯವರು ಬಿತ್ತುವಾಗಲೇ ಪಾಲಿಸುತ್ತಾರೆ.