ಗೂಳಿಯ ಕೊಂಬಿನ ಪಕ್ಕದ ಎಳೆ

ಶಅಬಾನ್ 29ರ ಸಂಜೆ ಚಂದ್ರ ಕಂಡೆ ಎಂದು ಯಾರಾದರೂ ಬಂದರೆ ನಮ್ಮೂರ ಉಸ್ತಾದರು ಅಷ್ಟಕ್ಕೇ ಬಿಡುವುದಿಲ್ಲ. ಸೂರ್ಯ ಮುಳುಗಿದ ಜಾಗದ ಎಡಕ್ಕೋ ಬಲಕ್ಕೋ, ಕೊಂಬು ಯಾವ ಕಡೆಗಿತ್ತು, ಜೊತೆಗೆ ಇನ್ಯಾರು ನೋಡಿದರು ಎಂದೆಲ್ಲ ವಿಚಾರಿಸುತ್ತಾರೆ. ಈ ಜನವರಿಯಲ್ಲಿ ಬೆಳ್ತಂಗಡಿ ಕಡೆಯ ಸಂಬಂಧಿಕರ ಮನೆಯ ತಾರಸಿಯಲ್ಲಿ ಮೂರು ರಾತ್ರಿ ನಿದ್ದೆಗೆಟ್ಟ ನಮಗೆ ಆ ಪ್ರಶ್ನೆಗಳು ಬೇರೆಯೇ ಕೆಲಸಕ್ಕೆ ಬಂದವು.

ನಾವು ಹುಡುಕುತ್ತಿದ್ದದ್ದು ಚಂದ್ರನನ್ನಲ್ಲ, ಸಿಡಿದು ಸತ್ತ ಒಂದು ನಕ್ಷತ್ರದ ಅವಶೇಷವನ್ನು. ಹೆಸರು ಸಿಮೈಸ್ 147. 1952ರಲ್ಲಿ ಕ್ರಿಮಿಯಾದ ಖಗೋಳಜ್ಞರು ಇದನ್ನು ಗುರುತಿಸಿದರು. ನಕ್ಷತ್ರ ಸಿಡಿದು ಸುಮಾರು 40 ಸಾವಿರ ವರ್ಷವಾಗಿರಬಹುದೆಂದು ಅಂದಾಜು. ಅದರ ಅನಿಲ ಇನ್ನೂ ಹರಡುತ್ತಲೇ ಇದೆ, ಆಕಾಶದಲ್ಲಿ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲ! ಆದರೂ ಕಣ್ಣಿಗೆ ಕಾಣುವುದಿಲ್ಲ, ಅಷ್ಟು ಮಂಕು. ಜಾಗ ಹುಡುಕುವುದು ಮಾತ್ರ ಸುಲಭ. ವೃಷಭ ರಾಶಿಯ ಕೊಂಬಿನ ತುದಿಯಲ್ಲಿ ಎಲ್‌ನಾಥ್ ಎಂಬ ನಕ್ಷತ್ರವಿದೆ. ಹೆಸರು ಅರಬಿಯದ್ದೇ, ಕೊಂಬಿನಿಂದ ಹಾಯುವುದು ಎಂದರ್ಥ. ಅದರಿಂದ ಮೂರು ಡಿಗ್ರಿ ಪೂರ್ವಕ್ಕೆ ಹೋದರೆ ಸಾಕು.

ಸಾಮಾನು ದೊಡ್ಡದೇನಲ್ಲ. ಹಳೆಯ 200 ಮಿಲಿಮೀಟರ್ ಲೆನ್ಸ್, ಭೂಮಿ ತಿರುಗಿದಂತೆ ತಾನೂ ತಿರುಗುವ ಮೋಟಾರಿನ ಸ್ಟ್ಯಾಂಡ್, ದಮ್ಮಾಮ್‌ನಲ್ಲಿರುವ ಅಣ್ಣ ರಜೆಗೆ ಬರುವಾಗ ತಂದ ಕಪ್ಪು-ಬಿಳುಪು ಕ್ಯಾಮರಾ. ಅದರ ಮುಂದೆ ಒಂದು ಫಿಲ್ಟರ್. ಕಾದ ಹೈಡ್ರೋಜನ್ ಸೂಸುವ 656 ನ್ಯಾನೋಮೀಟರಿನ ಕೆಂಪು ಬೆಳಕನ್ನು ಬಿಟ್ಟು ಉಳಿದದ್ದನ್ನೆಲ್ಲ ಅದು ತಡೆಯುತ್ತದೆ. "ಇದರ ದುಡ್ಡಿಗೆ ಒಂದು ಫ್ರಿಜ್ ಬರ್ತಿತ್ತಲ್ಲ" ಎಂದು ಉಮ್ಮ ಅಂದದ್ದು ಸುಳ್ಳಲ್ಲ. ನಕ್ಷತ್ರ ನೋಡುವುದು ಜ್ಯೋತಿಷ್ಯವಲ್ಲವೇ ಎಂದೂ ಒಬ್ಬ ಹಿರಿಯರು ಕೇಳಿದರು. ಉತ್ತರ ಕೊಟ್ಟವರು ಉಸ್ತಾದರೇ: ಭವಿಷ್ಯ ಹೇಳುವುದು ಬೇರೆ, ಕಿಬ್ಲಾ ಮತ್ತು ನಮಾಝಿನ ಹೊತ್ತು ಲೆಕ್ಕ ಹಾಕುವ ಇಲ್ಮುಲ್ ಫಲಕ್ ಬೇರೆ. ಪಕ್ಕದ ಮನೆಯವರು ಇಶಾ ಆದ ಮೇಲೆ ಅಂಗಳದ ಫ್ಲಡ್‌ಲೈಟ್ ಆರಿಸಿ ಕೊಟ್ಟರು. ಅವರಿಗೆ ನಾವು ಋಣಿಗಳು.

ಕಷ್ಟ ಶುರುವಾದದ್ದು ಧ್ರುವ ನಕ್ಷತ್ರದಿಂದ. ಸ್ಟ್ಯಾಂಡಿನ ಅಕ್ಷವನ್ನು ಅದರತ್ತ ಸರಿಯಾಗಿ ತಿರುಗಿಸದಿದ್ದರೆ ಚಿತ್ರದಲ್ಲಿ ನಕ್ಷತ್ರಗಳೆಲ್ಲ ಗೆರೆಯಾಗುತ್ತವೆ. ನಮ್ಮ ಕಡೆ ಅದು ಉತ್ತರದಲ್ಲಿ ಬರೀ 13 ಡಿಗ್ರಿ ಎತ್ತರದಲ್ಲಿದೆ, ಅಂದರೆ ಸರಿಯಾಗಿ ತೆಂಗಿನ ಮರದ ಹಿಂದೆ. ಒಂದು ಗಂಟೆ ಸ್ಟ್ಯಾಂಡ್ ಹೊತ್ತು ತಾರಸಿಯ ಮೂಲೆ ಮೂಲೆ ಸುತ್ತಿದೆವು. ಮೊದಲ ರಾತ್ರಿಯ 40 ಚಿತ್ರಗಳೂ ಹಾಳು. ಲೆನ್ಸಿನ ಮೇಲೆ ಇಬ್ಬನಿ ಕೂತದ್ದು ನಮಗೆ ಗೊತ್ತೇ ಆಗಿರಲಿಲ್ಲ. ಮರುದಿನ ಉಮ್ಮನ ಹೇರ್ ಡ್ರೈಯರ್ ತಾರಸಿ ಹತ್ತಿತು.

ಎರಡನೆಯ ಮತ್ತು ಮೂರನೆಯ ರಾತ್ರಿ ಐದೈದು ನಿಮಿಷದ 64 ಚಿತ್ರಗಳಂತೆ ಒಟ್ಟು 128 ಸಿಕ್ಕವು. ಒಂದೊಂದನ್ನೇ ನೋಡಿದರೆ ನಕ್ಷತ್ರ ಮತ್ತು ಮರಳಿನಂಥ ಕಾಳುಕಾಳು ಬಿಟ್ಟರೆ ಏನೂ ಇಲ್ಲ. 64 ಚಿತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದರೆ ಆ ಮರಳು ಎಂಟನೇ ಒಂದಕ್ಕೆ ಇಳಿಯುತ್ತದೆ, ನಿಜವಾದ ಬೆಳಕು ಇದ್ದಷ್ಟೇ ಉಳಿಯುತ್ತದೆ. ಹಾಗೆ ಮಾಡಿದಾಗ ಪರದೆಯ ಮೇಲೆ ಶಾವಿಗೆ ಎಳೆಯಂಥದ್ದೇನೋ ಕಂಡಿತು. ನಾವೆಲ್ಲ ಎದ್ದು ನಿಂತೆವು.

ನಮ್ಮಲ್ಲೊಬ್ಬ ಅದನ್ನು ಚಿತ್ರ ಚೊಕ್ಕ ಮಾಡುವ ಒಂದು ಎಐ ಪ್ರೋಗ್ರಾಮಿಗೆ ಹಾಕಿದ. ತುಂಡು ತುಂಡಾಗಿದ್ದ ಎಳೆಗಳು ಕೂಡಿಕೊಂಡು ಎಂಥಾ ಚಂದದ ಚಿತ್ರವಾಯಿತು! ಆದರೆ ನಮ್ಮ ಕ್ಯಾಮರಾಕ್ಕೆ ಬೀಳದ ಬೆಳಕು ಅಲ್ಲಿಗೆ ಬಂದದ್ದೆಲ್ಲಿಂದ? ಆಗ ನೆನಪಾದದ್ದು ಉಸ್ತಾದರ ವಿಚಾರಣೆ. ಎರಡೂ ರಾತ್ರಿಯ ಚಿತ್ರಗಳನ್ನು ಬೇರೆ ಬೇರೆಯಾಗಿ ಕೂಡಿಸಿದೆವು, ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೋಣೆಯಲ್ಲಿ ಕೇಳಿದ ಹಾಗೆ. ನಾಲ್ಕು ಎಳೆಗಳು ಎರಡರಲ್ಲೂ ಅದೇ ನಕ್ಷತ್ರಗಳ ನಡುವೆ, ಅದೇ ಬಾಗಿನಲ್ಲಿ ಇದ್ದವು. ಐದನೆಯದು, ಎಲ್ಲಕ್ಕಿಂತ ದಪ್ಪ ಮತ್ತು ಚಂದದ್ದು, ಮೂರನೆಯ ರಾತ್ರಿ ಕ್ಯಾಮರಾ ಸ್ವಲ್ಪ ಸರಿದಾಗ ತಾನೂ ಸರಿದಿತ್ತು. ಅದು ಎಲ್‌ನಾಥ್‌ನ ಪ್ರಖರ ಬೆಳಕು ಲೆನ್ಸಿನೊಳಗೆ ಪ್ರತಿಫಲಿಸಿದ್ದು, ಅಷ್ಟೇ. ಅಳಿಸುವಾಗ ಬೇಸರವಾಯಿತು.

ಹಿಜ್ರಿ 396ರಲ್ಲಿ, ಅಂದರೆ 1006ರಲ್ಲಿ, ಇಂಥದ್ದೇ ಒಂದು ಸ್ಫೋಟದ ಬೆಳಕನ್ನು ಈಜಿಪ್ಟಿನ ಅಲಿ ಇಬ್ನ್ ರಿದ್ವಾನ್ ಬರಿಗಣ್ಣಿನಿಂದಲೇ ನೋಡಿದರು. ಮುಂದೆ ಹೆಸರಾಂತ ವೈದ್ಯರಾದ ಅವರು ಆಗಿನ್ನೂ ಹದಿಹರೆಯದವರು. ಅದು ಶುಕ್ರನ ಎರಡೂವರೆಯಿಂದ ಮೂರು ಪಟ್ಟು ಇತ್ತು, ಬೆಳಕು ಚಂದ್ರನ ಕಾಲು ಭಾಗಕ್ಕಿಂತ ತುಸು ಹೆಚ್ಚು ಎಂದು ಬರೆದಿಟ್ಟರು. ಜೊತೆಗೆ ಆ ದಿನ ಸೂರ್ಯ, ಚಂದ್ರ, ಗ್ರಹಗಳು ಎಲ್ಲೆಲ್ಲಿದ್ದವು ಎಂಬುದನ್ನೂ ದಾಖಲಿಸಿದರು. ಅದರಿಂದಲೇ ಇಂದಿನ ಖಗೋಳಜ್ಞರಿಗೆ ಏಪ್ರಿಲ್ 30 ಎಂಬ ದಿನಾಂಕ ಲೆಕ್ಕ ಹಾಕಲು ಸಾಧ್ಯವಾಯಿತು.

ನಾಲ್ಕು ಎಳೆಯ ಚಿತ್ರವನ್ನು ಪ್ರಿಂಟ್ ಹಾಕಿಸಿ ಉಸ್ತಾದರಿಗೆ ತೋರಿಸಿದೆವು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಇದರಲ್ಲಿ ಉತ್ತರ ಯಾವ ಕಡೆ?" ಎಂದರು. ಬರೆಯಲು ಮರೆತಿದ್ದೆವು. ಅಲ್ಲೇ ಅವರ ಪೆನ್ನು ಇಸಿದುಕೊಂಡು ಬಾಣದ ಗುರುತು ಹಾಕಿ, ಕೆಳಗೆ ಎರಡು ರಾತ್ರಿ, 10 ಗಂಟೆ 40 ನಿಮಿಷ ಎಂದು ಬರೆದೆವು.